‘ವಾ’ ಹುಡುಕೋದು ಬಿಟ್ಟೆ, ‘ಗಾ’ ಹಿಡಿದೆ

ಜಪಾನೀಸ್ ಕಲಿಯುತ್ತಾ, ಪದದ ಕೊನೆಗೆ ನಮ್ಮ ವಿಭಕ್ತಿಯ ಹಾಗೆ ಹತ್ತುವ ಒ, ನಿ, ದೆ ಎಲ್ಲ ದಾಟಿ ವಾ–ಗಾ ಹತ್ತಿರ ಸಿಕ್ಕಿಕೊಂಡವರಿಗೆ ಇದು. ‘ಕನ್ನಡದಲ್ಲಿ ವಾ ಇಲ್ಲ, ಹಾಗಾಗಿ ಕನ್ನಡ ಇಟ್ಟುಕೊಂಡು ಇದನ್ನು ಕಲಿಯೋಕಾಗಲ್ಲ’ ಅಂದವರೇ ಹೆಚ್ಚು. ಮೊದಲ ಮಾತು ನಿಜ. ಎರಡನೆಯದಕ್ಕೆ ನನ್ನ ನೋಟ್‌ಬುಕ್ಕೇ ಉತ್ತರ: 100 ಖಾಲಿ ಜಾಗ ತುಂಬಿದರೆ ಮೊದಲು 40ರ ಹತ್ತಿರ ತಪ್ಪು, ಈಗ 8 ಅಥವಾ 10.

ದುಡ್ಡು ಹೋದ ದಾರಿ ಮೊದಲು. ವಾರಾಂತ್ಯದ ಕ್ಲಾಸಿಗೆ ಸುಮಾರು 14,000 ರೂಪಾಯಿ. ಸಿಕ್ಕ ಸೂತ್ರ: ‘ವಾ ಅಂದ್ರೆ ವಿಷಯ, ಗಾ ಅಂದ್ರೆ ಕರ್ತೃ’. ‘ತನಾಕಾ ಬಂದರು’ ಅನ್ನೋದರಲ್ಲಿ ತನಾಕಾ ವಿಷಯವೂ ಹೌದು, ಕರ್ತೃವೂ ಹೌದು. ಸೂತ್ರ ಅಲ್ಲೇ ಸತ್ತಿತು. ಆಮೇಲೆ ಆಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ಆಪ್‌ನಲ್ಲಿ 600 ಕಾರ್ಡು. ಐಫೋನ್ ಆಪ್‌ಗೆ ಎರಡು ಸಾವಿರದ ಚಿಲ್ಲರೆ ಹೋಯ್ತು (ಆಂಡ್ರಾಯ್ಡ್‌ನಲ್ಲಾದರೆ ಪುಕ್ಕಟೆ, ಗೊತ್ತಾಗಿದ್ದು ಕೊಟ್ಟ ಮೇಲೆ). ಅದೂ ಕೆಟ್ಟಿತು. ವಾ–ಗಾ ನಿರ್ಧಾರ ಎಷ್ಟೋ ಸಲ ಆಗೋದು ಹಿಂದಿನ ವಾಕ್ಯದಲ್ಲಿ, ಕಾರ್ಡಿನಲ್ಲಿ ಇರೋದು ಒಂದೇ ವಾಕ್ಯ. ನೆನಪಾದದ್ದು ಕಾರ್ಡಿನ ಮುಖ, ವ್ಯಾಕರಣ ಅಲ್ಲ.

ಮೂರನೇ ತಪ್ಪು ನನ್ನದೇ ಜಾಣತನ: ‘ವಾ ಅಂದ್ರೆ ಅಂತೂ’. ಹೀಗೆ ಹಚ್ಚಿದರೆ ಎಲ್ಲ ಮಾತಿನಲ್ಲೂ ಚುಚ್ಚು ಸೇರುತ್ತೆ. ಯಾರಿಗಾದರೂ ‘ಕ್ಯೋ ವಾ ಕಿರೇಯ್ ದೆಸು ನೆ’ ಅಂದು ನೋಡಿ: ‘ಇವತ್ತಂತೂ ಚೆನ್ನಾಗಿ ಕಾಣ್ತಿದ್ದೀರ’. ಹಾಗಾದ್ರೆ ನಿನ್ನೆ? ಅಲ್ಲಿ ಹಾಕಬೇಕಾದದ್ದು ‘ಕ್ಯೋ ಮೊ’, ಇವತ್ತೂ.

ಕೊನೆಗೆ ಕೆಲಸಕ್ಕೆ ಬಂದದ್ದು ಅದನ್ನೇ ತಿರುಗಾ ಮುರುಗಾ ಮಾಡಿದಾಗ. ಕನ್ನಡದಲ್ಲಿ ವಾ ಸಿಗಲ್ಲ, ಆದರೆ ಗಾ ಬರೋ ಎಷ್ಟೋ ಜಾಗಗಳಿಗೆ ಗುರುತು ಇದೆ. ವಾಕ್ಯವನ್ನು ಮನಸ್ಸಿನಲ್ಲಿ ಮಾತಿನ ಕನ್ನಡಕ್ಕೆ ತನ್ನಿ, ಗುರುತು ಕಂಡರೆ ಗಾ, ಕಾಣದಿದ್ದರೆ ವಾ.

ಯಾರು, ಏನು, ಯಾವುದು ಕರ್ತೃವಾದರೆ ಗಾ, ಅದರ ಉತ್ತರಕ್ಕೂ ಗಾ. ‘ದಾರೆ ಗಾ ಕಿಮಾಶಿತಾ ಕಾ’, ಯಾರು ಬಂದರು? ‘ತನಾಕಾ ಸಾನ್ ಗಾ ಕಿಮಾಶಿತಾ’, ತನಾಕಾ ಬಂದರು. ಇದರ ಬೆನ್ನಿಗೇ ‘ಏ’ ಗುರುತು. ಹೆಸರಿಗೆ ‘ಏ’ ಅಂಟಿದರೆ ಗಾ. ತನಾಕಾ ಯಾರು ಅಂತ ಕೇಳಿದಾಗ ‘ವತಾಶಿ ಗಾ ತನಾಕಾ ದೆಸು’, ನಾನೇ ತನಾಕಾ. ಯಾರೂ ಕೇಳದೆ ಪರಿಚಯ ಹೇಳಿಕೊಳ್ಳುವಾಗ ಇದನ್ನೇ ಹೇಳಿದರೆ ಎದುರಿನವರು ‘ಸರಿ, ಯಾರು ಕೇಳಿದ್ರು’ ಅಂದುಕೊಳ್ತಾರೆ.

ನನಗೆ ಅತಿ ಹೆಚ್ಚು ಅಂಕ ತಂದದ್ದು ‘ಗೆ’ ಗುರುತು. ನನಗೆ ನಾಯಿ ಇಷ್ಟ: ವತಾಶಿ ವಾ ಇನು ಗಾ ಸುಕಿ. ನನಗೆ ಅಡುಗೆ ಬರುತ್ತೆ: ರ್ಯೋರಿ ಗಾ ದೆಕಿರು. ನನಗೆ ದುಡ್ಡು ಬೇಕು: ಒಕಾನೆ ಗಾ ಹೊಶೀ. ಜಪಾನೀಸ್ ಅರ್ಥವಾಗುತ್ತೆ: ನಿಹೊಂಗೊ ಗಾ ವಕಾರು. ‘ಗೆ’ ಹತ್ತಿದವರಿಗೆ ವಾ, ಪಕ್ಕದಲ್ಲಿ ಬರಿಗೈಲಿ ನಿಂತ ಪದಕ್ಕೆ ಗಾ. ಇಂಗ್ಲಿಷ್ ಮೂಲಕ ಕಲಿಯೋರು ಇಲ್ಲಿ ನಾಯಿಯನ್ನು ಕರ್ಮ ಅಂದುಕೊಂಡು ‘ಒ’ ಹಾಕಿ ಬೀಳ್ತಾರೆ. ನಮಗೆ ಆ ಗುಂಡಿಯೇ ಇಲ್ಲ. ಕೆಲವು ಕಡೆ ಮಾತ್ರ ಕೈಕೊಡುತ್ತೆ. ‘ನನಗೆ ಗೊತ್ತು’ ಅನ್ನೋ ಶಿತ್ತೆ ಇರು ‘ಒ’ ಕೇಳುತ್ತೆ, ಗಾ ಅಲ್ಲ. ‘ನನಗೆ ಪುಸ್ತಕ ಕೊಟ್ಟ’ ಅನ್ನೋದರ ‘ಗೆ’ ಪಡೆಯುವವರದ್ದು, ಅದು ನಿ.

ಮುಂದೆ ‘ಒಬ್ಬ–ಆ’. ಮೊಮೊತಾರೋ ಕಥೆ ತೆಗೆಯೋದೇ ಹೀಗೆ: ಒಜೀಸಾನ್ ತೊ ಒಬಾಸಾನ್ ಗಾ ಇಮಾಶಿತಾ. ಒಬ್ಬ ಅಜ್ಜ, ಒಬ್ಬಳು ಅಜ್ಜಿ ಇದ್ದರು. ಮುಂದಿನ ವಾಕ್ಯದಲ್ಲಿ ಒಜೀಸಾನ್ ವಾ ಬೆಟ್ಟಕ್ಕೆ ಸೌದೆಗೆ, ಒಬಾಸಾನ್ ವಾ ನದಿಗೆ ಬಟ್ಟೆ ಒಗೆಯೋಕೆ. ‘ಒಬ್ಬ’ ಕೂರುವ ಕಡೆ ಗಾ, ‘ಆ’ ಕೂರುವ ಕಡೆ ವಾ. ಕಣ್ಣೆದುರು ಈಗಷ್ಟೇ ಆದದ್ದಾದರೆ ಮುಂದೆ ‘ಓ’ ಹಚ್ಚಿ: ಓ, ಬಸ್ ಬಂತು! ಬಾಸು ಗಾ ಕಿತಾ. ಇನ್ನು ‘ನಾನು ಓದಿದ ಪುಸ್ತಕ’ದಂಥದ್ದು: ಓದಿದ, ಬರುವ, ಮಾಡದ ಅನ್ನೋದರ ಒಳಗೆ ಸಿಕ್ಕ ಕರ್ತೃವಿಗೆ ಗಾ. ವತಾಶಿ ಗಾ ಯೊಂದಾ ಹೊನ್. ಇಷ್ಟೇ, ಇದರ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ.

ಅಭ್ಯಾಸಕ್ಕೆ ಬಳಸಿದ್ದು ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಸುಲಭ ಜಪಾನೀಸ್ ಸುದ್ದಿ. ಒಂದು ಸುದ್ದಿಗೆ ಎರಡು ಪ್ರಿಂಟ್, ಒಂದರಲ್ಲಿ ವಾ–ಗಾ ಎಲ್ಲ ವೈಟ್ನರ್‌ನಿಂದ ಮುಚ್ಚಿ, ಎರಡು ದಿನ ಬಿಟ್ಟು ತುಂಬೋದು. ದಿನಕ್ಕೆ 15 ನಿಮಿಷ, ನಾಲ್ಕು ತಿಂಗಳು. ಪ್ರಿಂಟು, ವೈಟ್ನರ್ ಸೇರಿ 400 ರೂಪಾಯಿ ದಾಟಿರಲಿಕ್ಕಿಲ್ಲ. ಅದೇ ದಿನ ತುಂಬಿದರೆ ನೆನಪು ಬರೆಯುತ್ತೆ, ನೀವಲ್ಲ. ಇಡೀ ಸುದ್ದಿ ಬೇಕು, ಯಾಕಂದ್ರೆ ವಾ ಪೂರ್ಣವಿರಾಮ ದಾಟುತ್ತೆ: ಒಮ್ಮೆ ಹೇಳಿದರೆ ಮುಂದಿನ ಎರಡು ಮೂರು ವಾಕ್ಯಕ್ಕೂ ಅದೇ ನೆರಳು. ಪ್ರತಿ ಸಾಲಿಗೂ ‘ವತಾಶಿ ವಾ’ ಅನ್ನೋದು ಬೇಡ. ಕನ್ನಡದಲ್ಲಿ ‘ಬಂದೆ, ತಿಂದೆ’ ಅಂದರೆ ‘ನಾನು’ ಕ್ರಿಯಾಪದದಲ್ಲೇ ಇದೆ. ಜಪಾನೀಸ್‌ನಲ್ಲಿ ಆ ಬಾಲವೂ ಇಲ್ಲ, ಆದರೂ ಬಿಡ್ತಾರೆ.

ನಡುವೆ ಹಿಂದಿಯ ‘ತೋ’ ಇಟ್ಟೂ ಒಂದು ವಾರ ನೋಡಿದೆ. ಒಂದನ್ನು ಇನ್ನೊಂದಕ್ಕೆ ಹೋಲಿಸುವ ವಾಗೆ ಚೆನ್ನಾಗಿ ಕೂತಿತು, ಮಾಮೂಲಿ ವಾಗೆ ‘ಅಂತೂ’ ಕೆಟ್ಟ ಹಾಗೇ ಕೆಟ್ಟಿತು. ಹೋಟೆಲಿನ ‘ಬೊಕು ವಾ ಉನಗಿ ದಾ’ ಮಾತ್ರ ಪಾಠವೇ ಬೇಡದೆ ಹತ್ತಿತು. ಪದಕ್ಕೆ ಪದ ಇಟ್ಟರೆ ‘ನಾನು ಹಾವುಮೀನು’, ಅರ್ಥ ಮಾತ್ರ ‘ನಂದು ಉನಗಿ’. ದರ್ಶಿನಿ ಮುಂದೆ ‘ನಂದು ದೋಸೆ, ಇವರದ್ದು ಇಡ್ಲಿ’ ಅನ್ನೋ ನಮಗೆ ಇದರಲ್ಲೇನು ಸೋಜಿಗ? ಆನೆಯ ಪ್ರಸಿದ್ಧ ವಾಕ್ಯ ‘ಝೋ ವಾ ಹಾನಾ ಗಾ ನಗಾಯ್’ ಕೂಡ ‘ಆನೆಗೆ ಸೊಂಡಿಲು ಉದ್ದ’. ಮತ್ತೆ ಅದೇ ‘ಗೆ’.

ಉಳಿದ 8–10 ತಪ್ಪೂ ಎಲ್ಲಿಯದು ಗೊತ್ತು: ಎರಡೂ ಸರಿಯಾಗುವ ಕಡೆ. ‘ಫುಜಿಸಾನ್ ಗಾ ಮಿಯೆರು’ ಅಂದರೆ ಓ, ಫುಜಿ ಕಾಣ್ತಿದೆ. ‘ಫುಜಿಸಾನ್ ವಾ ಮಿಯೆರು’ ಅಂದರೆ ಫುಜಿಯೇನೋ ಕಾಣುತ್ತೆ, ಮಿಕ್ಕದ್ದು ಕಾಣಲ್ಲ. ಕಿಟಕಿ ಆಚೆ ಏನಿದೆ ಅಂತ ಪ್ರಶ್ನೆಪತ್ರಿಕೆ ಹೇಳದಿದ್ದರೆ ನಾನು ಈಗಲೂ ಗಾ ಹಾಕಿ ಮುಂದೆ ಹೋಗ್ತೀನಿ.