ಮಗಳ ಶಾಲೆಗಾಗಿ ನಾವು ಮೂರು ದಾರಿ ನೋಡಿದ್ದು

ಎಲ್‌ಕೆಜಿಗೆ ಹೋಗುತ್ತಿದ್ದಾಗ ನನ್ನ ಮಗಳು ವ್ಯಾನ್ ಇಳಿದವಳೇ ಬಚ್ಚಲಿಗೆ ಓಡುತ್ತಿದ್ದಳು. ಶೂ ಬಿಚ್ಚುವುದಕ್ಕೂ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ತುಂಬಿಸಿ ಕಳಿಸಿದ ನೀರಿನ ಬಾಟಲಿ ಹಾಗೇ ವಾಪಸ್ ಬರುತ್ತಿತ್ತು. ಕಾರಣ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಅಲ್ಲಿ ಇಂಗ್ಲಿಷಿನಲ್ಲಿ ಕೇಳಿದರೆ ಮಾತ್ರ ಟಾಯ್ಲೆಟ್‌ಗೆ ಬಿಡುತ್ತಿದ್ದರು. ಇವಳಿಗೆ ಆ ವಾಕ್ಯ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೆ ನೀರೇ ಕುಡಿಯುತ್ತಿರಲಿಲ್ಲ.

ಅದು 2019. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ನಮ್ಮ ಹಳ್ಳಿಯಿಂದ ಆ ಖಾಸಗಿ ಶಾಲೆ 14 ಕಿಲೋಮೀಟರ್. ವರ್ಷಕ್ಕೆ ಫೀಸು 32,000, ವ್ಯಾನಿಗೆ 11,000. ಒಂದೂವರೆ ಎಕರೆ ಅಡಿಕೆ ತೋಟದವರಿಗೆ ಇದು ಸಣ್ಣ ಮೊತ್ತವಲ್ಲ. ಆದರೂ ದುಡ್ಡಿಗಿಂತ ನನ್ನ ಮನಸ್ಸು ಕೆಡಿಸಿದ್ದು ಆ ಬಾಟಲಿ. ಹೋಗಿ ಮಾತಾಡಿದೆ. "ಅಭ್ಯಾಸ ಆಗುತ್ತೆ ಬಿಡಿ ಮೇಡಂ" ಅಂದರು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟಿನಲ್ಲಿ ಬೇರೆ ಖಾಸಗಿ ಶಾಲೆ ನೋಡು ಅಂತ ತಮ್ಮ ಹೇಳಿದ. ಆದರೆ ಅದೇ ವರ್ಷದಿಂದ ಕರ್ನಾಟಕದಲ್ಲಿ ನಿಯಮ ಬದಲಾಗಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ.

2020ರ ಮಾರ್ಚಿನಲ್ಲಿ ಶಾಲೆಗಳೆಲ್ಲ ಮುಚ್ಚಿದವು. ಯುಕೆಜಿ ಮೊಬೈಲಿಗೆ ಬಂತು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲೆ. ಮಳೆಗಾಲದಲ್ಲಿ ಮಗುವನ್ನು ಕೊಡೆ ಹಿಡಿದು ಗುಡ್ಡ ಹತ್ತಿಸುವುದು ಎಷ್ಟು ದಿನ? ಎರಡು ತಿಂಗಳಿಗೆ ಬಿಟ್ಟೆವು. ಮುಂದಿನ ಒಂದು ವರ್ಷ ಮನೆಯಲ್ಲಿ ನಾನೇ ಕಲಿಸಿದೆ.

ಆ ವರ್ಷ ಅವಳು ಕಲಿತಷ್ಟು ಹಿಂದೆ ಕಲಿತಿರಲಿಲ್ಲ. ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕೂತು ಹತ್ತು ಹತ್ತರ ಗುಡ್ಡೆ ಮಾಡುತ್ತಾ ನೂರು ದಾಟಿದಳು. ಒತ್ತಕ್ಷರ ಕಲಿಸಿದ್ದು ಡೇರಿಯ ಬೋರ್ಡು. ದಿನಾ ಹಾಲು ಹಾಕಲು ಹೋದಾಗ 'ಹಾಲು ಉತ್ಪಾದಕರ ಸಹಕಾರ ಸಂಘ' ಅಂತ ಓದಿಸುತ್ತಿದ್ದೆ. 'ತ'ದ ಕೆಳಗೆ 'ಪ' ಯಾಕೆ ಜೋತು ಬಿದ್ದಿದೆ ಅಂತ ಅವಳೇ ಕೇಳಿದಳು. ಒಂದು ದಿನ ಅತ್ತೆಯ ಮಾತ್ರೆ ಚೀಟಿಯ ಹಿಂದೆ 'ಅಜ್ಜಿ' ಅಂತ ಬರೆದಿದ್ದಳು. ಅತ್ತೆ ಅದನ್ನು ಇನ್ನೂ ಇಟ್ಟುಕೊಂಡಿದ್ದಾರೆ.

ಹೀಗೇ ಮುಂದುವರಿಸೋಣ ಅಂತ ತುಂಬಾ ಯೋಚಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮನೆಯಲ್ಲೇ ಕಲಿಸುವವರಿಗೆ ಅಂತ ಪ್ರತ್ಯೇಕ ನಿಯಮ ಇಲ್ಲ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಹತ್ತನೇ ಪರೀಕ್ಷೆ ಬರೆಯಬಹುದು. ಹಾಗಾಗಿ ನನಗೆ ಪರೀಕ್ಷೆಯ ಹೆದರಿಕೆ ಇರಲಿಲ್ಲ. ತೊಡಕು ಬೇರೆ ಕಡೆ ಇತ್ತು. ಅಡಿಕೆ ಕೊಯ್ಲು ಶುರುವಾದರೆ ನನಗೆ ಎರಡು ತಿಂಗಳು ಕೂರಲು ಬಿಡುವಿಲ್ಲ. ಅಂಥ ದಿನಗಳಲ್ಲಿ ಅವಳು ಅಂಗಳದಲ್ಲಿ ಐದು ಕಲ್ಲು ಸಾಲಾಗಿ ಇಟ್ಟು, ಒಂದೊಂದಕ್ಕೂ ಹೆಸರು ಕೊಟ್ಟು, ಹಾಜರಿ ಕರೆಯುತ್ತಿದ್ದಳು. ಕಿಟಕಿಯಿಂದ ನೋಡಿ ನನಗೆ ಗಂಟಲು ಕಟ್ಟಿತು.

2021ರ ಅಕ್ಟೋಬರ್ 25ಕ್ಕೆ ಚಿಕ್ಕ ತರಗತಿಗಳು ಮತ್ತೆ ತೆರೆದವು. ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ ಹತ್ತು ನಿಮಿಷದ ನಡಿಗೆ. ಅಷ್ಟು ವರ್ಷ ಅದರ ಮುಂದೆ ಓಡಾಡಿದರೂ ಒಳಗೆ ಕಾಲಿಟ್ಟಿರಲಿಲ್ಲ. "ಅಕ್ಕೋರೆ, ಒಂದು ದಿನ ಕೂತು ನೋಡ್ಲಾ?" ಅಂತ ಅಲ್ಲಿನ ಶಿಕ್ಷಕಿಯನ್ನು ಕೇಳಿದೆ. "ಒಂದು ದಿನ ಯಾಕೆ, ಮೂರು ದಿನ ಬನ್ನಿ" ಅಂದರು.

ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಇದ್ದರು. ಅದು ನಲಿ-ಕಲಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ. ಒಂದು ಗುಂಪಿಗೆ ಅಕ್ಕೋರು ಹೇಳಿಕೊಡುತ್ತಿದ್ದರೆ, ಇನ್ನೊಂದರಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಕಾರ್ಡು ತೋರಿಸಿ ಓದಿಸುತ್ತಿದ್ದರು. ಗೋಡೆಯ ಮೇಲೆ ಕಲಿಕಾ ಏಣಿ, ಅಂದರೆ ಪಾಠಗಳನ್ನು ಮೆಟ್ಟಿಲಾಗಿ ತೋರಿಸುವ ಪಟ. ಯಾವ ಮಗು ಎಷ್ಟು ದಿನ ತಪ್ಪಿಸಿದರೂ ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನಮ್ಮವಳಿಗೆ ಇದೇ ವರವಾಯಿತು. ವರ್ಷದ ನಡುವೆ ಸೇರಿದರೂ 'ಹಿಂದೆ ಬಿದ್ದವಳು' ಅನಿಸಿಕೊಳ್ಳಲಿಲ್ಲ. ಕನ್ನಡದಲ್ಲಿ ನಾಲ್ಕಾರು ಮೆಟ್ಟಿಲು ಮೇಲಿಂದಲೇ ಹತ್ತಿದಳು. ಮೂರನೇ ದಿನ ಅವಳು "ಅಮ್ಮ, ನೀನು ಮನೆಗೆ ಹೋಗು" ಅಂದಳು. ಅಲ್ಲಿಗೆ ತೀರ್ಮಾನ ಆಯಿತು.

ಕೊರತೆಗಳೂ ಇವೆ, ಹೇಳಲೇಬೇಕು. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅನ್ನುತ್ತದೆ ಕಾಯ್ದೆ. ಅಂದರೆ ಐದು ತರಗತಿಗೆ ಇಬ್ಬರು. ಒಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಇನ್ನೊಬ್ಬರ ಪಾಡು ಕೇಳಬೇಡಿ. ಇಂಗ್ಲಿಷ್ ಒಂದನೇ ತರಗತಿಯಿಂದ ಇದೆ, ಆದರೆ ನಿಧಾನ. ರಾತ್ರಿ ಅರ್ಧ ಗಂಟೆ ನಾವಿಬ್ಬರೂ ಕೂತು ಇಂಗ್ಲಿಷ್ ಕಥೆ ಓದುತ್ತೇವೆ. ಓದಿದ್ದು ಅರ್ಥವಾಗುತ್ತದೆ. ಪೇಟೆಯಲ್ಲಿರುವ ನನ್ನ ಅಣ್ಣನ ಮಗಳಷ್ಟು ಸಲೀಸಾಗಿ ಮಾತಾಡಲು ಬರುವುದಿಲ್ಲ. ಆ ಚಿಂತೆ ನನಗೆ ಈಗಲೂ ಇದೆ.

ಸೇರಿಸಿದ ಮರುವರ್ಷ ನಾನು ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಸದಸ್ಯೆಯಾದೆ. ಅದರಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಿಯರು, ಅರ್ಧದಷ್ಟು ಹೆಂಗಸರು ಇರಬೇಕು ಅನ್ನುವುದು ನಿಯಮ. ಮೊದಲ ಸಭೆಯಲ್ಲಿ ನಾನು ಕೇಳಿದ್ದು ಶೌಚಾಲಯದ ಚಿಲಕ ಮತ್ತು ನಲ್ಲಿ. ಚಿಲಕ ಆ ವಾರವೇ ಬಂತು. ನಲ್ಲಿಗೆ ಪಂಚಾಯ್ತಿಗೆ ಆರು ತಿಂಗಳು ಅಲೆದೆವು.

ಈಗ ಅವಳು ಐದನೇ ತರಗತಿ. ನಮ್ಮೂರ ಶಾಲೆ ಅಲ್ಲಿಗೆ ಮುಗಿಯುತ್ತದೆ. ನಮ್ಮ ಯಜಮಾನರು ಮೊರಾರ್ಜಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಸೋಣ ಅಂತಾರೆ. ಮಗಳಿಗೆ ಹಾಸ್ಟೆಲ್ ಬೇಡ. ಐದು ಕಿಲೋಮೀಟರ್ ದೂರದಲ್ಲಿ ಇನ್ನೊಂದು ಸರ್ಕಾರಿ ಶಾಲೆ ಇದೆ, ಬಸ್ ಬೆಳಗ್ಗೆ ಒಂದೇ. ಮುಂದಿನ ವಾರ ತರಗತಿ ನಡೆಯುವ ಹೊತ್ತಿಗೇ ಅಲ್ಲಿಗೆ ಹೋಗುತ್ತೇವೆ. ಈ ಸಲ ಅವಳೂ ನನ್ನ ಪಕ್ಕ ಕೂತು ನೋಡಲಿ.