ಮಿರಗದ ಮಳೆಗೆ ಮೊದಲು: ಬಯಲಲ್ಲಿ ನಿಂತ ಹಳೆಯ ವಿಮಾನದ ಆರೈಕೆ

ಹುಬ್ಬಳ್ಳಿ-ಧಾರವಾಡದ ಕಾಲೇಜಿನ ಅಂಗಳಕ್ಕೋ ಉದ್ಯಾನಕ್ಕೋ ಹಾರಾಟ ನಿಲ್ಲಿಸಿದ ಪ್ರಯಾಣಿಕ ವಿಮಾನ ತರಬೇಕೆನ್ನುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಒಳಗೆ ಹೊಕ್ಕ ನೀರು ಎಲ್ಲಿಂದ ಹೊರಗೆ ಹೋಗುತ್ತದೆ? ಇಂಗ್ಲೆಂಡಿನ ಕಾಸ್ಫರ್ಡ್ ವಸ್ತುಸಂಗ್ರಹಾಲಯದ ಬಯಲಲ್ಲಿ ನಿಂತಿದ್ದ ವಿಸಿ10, ಟ್ರೈಡೆಂಟ್, ಬೋಯಿಂಗ್ 707 ವಿಮಾನಗಳನ್ನು ನಿರ್ವಹಣೆಯ ಹಣ ನಿಂತ ಮೇಲೆ 2006ರಲ್ಲಿ ಕಡಿದುಹಾಕಿದರು. ವಸ್ತುಸಂಗ್ರಹಾಲಯ ಸೇರಿತೆಂದರೆ ವಿಮಾನ ಉಳಿಯಿತೆಂದಲ್ಲ.

ಮೊದಲು ನೆಲ ನೋಡಿ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೂರು ಚಕ್ರಗಳ ಕೆಳಗೆ ನೆಲ ಮೂರು ಬಗೆಯಾಗಿ ಏರಿಳಿದರೆ ಒಡಲಿನ ಚೌಕಟ್ಟು ತಿರುಚಿಕೊಂಡು ಬಾಗಿಲು ಕೂಡುವುದಿಲ್ಲ, ಆ ಸಂದಿಯಿಂದಲೇ ನೀರು ಇಳಿಯುತ್ತದೆ. ಎರೆ ಮುಗಿದು ಗಟ್ಟಿ ಗರಸು ಸಿಗುವವರೆಗೆ ಅಗೆಸಿ, ಕಬ್ಬಿಣ ಕಟ್ಟಿದ ಕಾಂಕ್ರೀಟ್ ಅಡಿಪಾಯ ಹಾಕಿಸಿ. ಸುತ್ತ ಇಳಿಜಾರು ಬಿಟ್ಟು ಮಳೆನೀರು ದೂರ ಹರಿಯುವಂತೆ ಗಟಾರ ತೆಗೆಸಿ. ಭಾರವನ್ನು ಟಯರ್ ಮೇಲೆ ಬಿಡಬೇಡಿ. ವಿಮಾನಕ್ಕೇ ಗುರುತು ಮಾಡಿರುವ ಜಾಕ್ ಬಿಂದುಗಳ ಕೆಳಗೆ ಉಕ್ಕಿನ ಸ್ಟ್ಯಾಂಡ್ ಕೊಡಿ. ರೆಕ್ಕೆಯ ಎಂಜಿನ್ ತೆಗೆದ ವಿಮಾನದ ತೂಕ ಹಿಂದಕ್ಕೆ ಸರಿಯುತ್ತದೆ. ಮೂಗಿನ ಕೆಳಗೆ ಚಕ್ರವಿರುವ ಆವ್ರೋ 748ರಂಥವು ಬಾಲದ ಮೇಲೆ ಕುಳಿತುಬಿಡಬಹುದು. ಬಾಲಕ್ಕೂ ಒಂದು ಆಸರೆ ಇರಲಿ.

ಇನ್ನು ನೀರಿನ ಮಾತು. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ತುಂಬಿ ಹಾರುವ ವಿಮಾನಗಳ ಹೊಟ್ಟೆಯ ತಳದಲ್ಲಿ ಚಿಕ್ಕ ಡ್ರೇನ್ ವಾಲ್ವ್‌ಗಳ ಸಾಲು ಇರುತ್ತದೆ. ಮೇಲೆ ಹಾರುವಾಗ ಒತ್ತಡಕ್ಕೆ ಮುಚ್ಚಿಕೊಂಡು, ನೆಲದ ಮೇಲೆ ತೆರೆದುಕೊಳ್ಳುವಂಥವು. ಧೂಳು, ಹಳೆಯ ಗ್ರೀಸ್, ಸತ್ತ ಹುಳ ಸೇರಿ ಇವು ಕಟ್ಟಿಕೊಳ್ಳುತ್ತವೆ. ಬಿದಿರಿನ ಕಡ್ಡಿಯಿಂದ ಬಿಡಿಸಿ, ಕಬ್ಬಿಣದ ತಂತಿ ತೂರಿಸಬೇಡಿ. ಒಳಗಿನಿಂದ ಒಂದೊಂದು ಅಂಕಣಕ್ಕೂ (ಎರಡು ಚೌಕಟ್ಟುಗಳ ನಡುವಿನ ಜಾಗಕ್ಕೂ) ಒಂದು ಲೀಟರ್ ನೀರು ಸುರಿದು, ಕೆಳಗೆ ಬಕೆಟ್ ಹಿಡಿದು ಅಳೆಯಿರಿ. ಬಕೆಟ್ಟಿಗೆ ಮುಕ್ಕಾಲು ಲೀಟರ್ ಬಂದರೆ ಉಳಿದದ್ದು ಎಲ್ಲೋ ನಿಂತಿದೆ, ಹುಡುಕಿ. ಎರಡು ಎಂಜಿನ್‌ಗಳ ಹಳೆಯ ಡಕೋಟಾದಂತೆ (ಡಿಸಿ-3) ಬಾಲ ಊರಿ ನಿಲ್ಲುವ ವಿಮಾನದಲ್ಲಿ ನೀರು ಹಿಂದಕ್ಕೆ ಹರಿದು ಬಾಲಚಕ್ರದ ಬಳಿ ಸೇರುತ್ತದೆ. ಈ ಕೆಲಸ ರೋಹಿಣಿ ಮಳೆ ಹುಟ್ಟುವ ಮೊದಲೇ ಮುಗಿಯಬೇಕು, ಹಿಂಗಾರು ಮುಗಿದ ಮೇಲೆ ಇನ್ನೊಮ್ಮೆ.

ಅದೇ ವೇಳೆಗೆ ನೆಲಹಾಸು ಎಬ್ಬಿಸಿ. ಗೋಡೆಯ ಹಿಂದಿನ ಗ್ಲಾಸ್‌ವೂಲ್ ದಿಂಡುಗಳು ನೀರು ಕುಡಿದು ಒದ್ದೆ ಗೋಣಿಯಂತೆ ತಗಡಿಗೆ ಅಂಟಿಕೊಂಡು ಕೂತಿರುತ್ತವೆ. ತೆಗೆದು, ಜಾಗದ ಹೆಸರಿನ ಚೀಟಿ ಕಟ್ಟಿ, ಒಣ ಕೋಣೆಯಲ್ಲಿ ಇಡಿ. ಅಡುಗೆಕಟ್ಟೆ ಮತ್ತು ಶೌಚಾಲಯದ ಅಡಿಯ ತಗಡನ್ನು ಟಾರ್ಚ್ ಹಿಡಿದು ನೋಡಿ, ಸವೆತ (ತುಕ್ಕಿನಂತೆ ಲೋಹವನ್ನು ತಿನ್ನುವಂಥದು) ಎಲ್ಲಕ್ಕಿಂತ ಮೊದಲು ಅಲ್ಲೇ ಹುಟ್ಟುತ್ತದೆ. ಬಿಳಿ ಪುಡಿ, ಉಬ್ಬಿದ ಬಣ್ಣ, ರಿವೆಟ್‌ಗಳ ನಡುವೆ ದಿಂಬಿನಂತೆ ಎದ್ದ ತಗಡು ಕಂಡರೆ ಒಳಪದರದಲ್ಲಿ ಸವೆತ ಬೆಳೆದಿದೆ ಎಂದೇ ತಿಳಿಯಿರಿ.

ವಿಮಾನದ ತಗಡು ಪಾತ್ರೆಯ ಅಲ್ಯೂಮಿನಿಯಂ ಅಲ್ಲ. ಬಲಕ್ಕಾಗಿ ಸುಮಾರು ಶೇ. 4 ತಾಮ್ರ ಬೆರೆಸಿರುತ್ತಾರೆ, ಆ ತಾಮ್ರವೇ ಸವೆತಕ್ಕೂ ದಾರಿ. ಅದನ್ನು ತಡೆಯಲು ಮೇಲೆ ಶುದ್ಧ ಅಲ್ಯೂಮಿನಿಯಂ ಲೇಪ. ಒಂದು ಮಿಲಿಮೀಟರ್ ತಗಡಿನಲ್ಲಿ ಅದು ಒಂದೊಂದು ಬದಿಗೆ ಸುಮಾರು 0.05 ಮಿ.ಮೀ. ಮಾತ್ರ. ಉದ್ಘಾಟನೆಗೆ, ರಾಜ್ಯೋತ್ಸವಕ್ಕೆಂದು ಪ್ರತಿ ವರ್ಷ ಪಾಲಿಶ್ ಯಂತ್ರ ಹಿಡಿಸಿದರೆ ಆ ಕವಚವೇ ಹೋಗುತ್ತದೆ. ವಿಮಾನ ಮಂಕಾಗಿ ಕಂಡರೆ ಕಾಣಲಿ.

ತೊಳೆಯಲು ಮೃದುವಾದ ದ್ರವ ಸೋಪು, ಹತ್ತಿಬಟ್ಟೆ, ಸಂಗ್ರಹಿಸಿದ ಮಳೆನೀರು ಸಾಕು. ಉಪ್ಪಿನಂಶವಿರುವ ಬೋರ್‌ವೆಲ್ ನೀರು ಬೇಡ. ತಾಮ್ರ-ಹಿತ್ತಾಳೆಗೆ ಒಗ್ಗುವ ಹುಣಸೆಹುಳಿ, ಬಟ್ಟೆಗೆ ಒಗ್ಗುವ ವಾಷಿಂಗ್ ಸೋಡಾ, ಎರಡೂ ಅಲ್ಯೂಮಿನಿಯಂ ಅನ್ನು ತಿನ್ನುತ್ತವೆ. ಗಾಡಿ ತೊಳೆಯುವ ಪ್ರೆಶರ್ ಪೈಪು ತಗಡಿನ ಬೆಸುಗೆಯಿಲ್ಲದ ಜೋಡಣೆಗಳೊಳಗೆ ನೀರು ನುಗ್ಗಿಸುತ್ತದೆ. ಬಿಳಿ ಪುಡಿಯನ್ನು ನೈಲಾನ್ ಪ್ಯಾಡಿನಿಂದ ತಿಕ್ಕಿ, ಒರೆಸಿ, ಪೂರ್ತಿ ಒಣಗಿಸಿ ಎಪಾಕ್ಸಿ ಪ್ರೈಮರ್ ಹಚ್ಚಿ. ಉಕ್ಕಿನ ನಾರು (ಸ್ಟೀಲ್ ವುಲ್) ಬಳಸಿದರೆ ಕಬ್ಬಿಣದ ಕಣ ತಗಡಿನಲ್ಲಿ ನೆಟ್ಟು ಹೊಸ ಸವೆತ ಶುರುವಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಸ್ಕ್ರೂ ಹಾಕಿದರೂ ಇದೇ ಪಾಡು.

ಪಾರಿವಾಳ ಬರುವ ತೂತುಗಳಿಗೆಲ್ಲ ನೈಲಾನ್ ಜಾಳಿಗೆ ಕಟ್ಟಿ, ಗಾಳಿ ಮಾತ್ರ ಆಡಲಿ. ಹಿಕ್ಕೆ ತಗಡನ್ನು ತಿನ್ನುತ್ತದೆ, ಗೂಡು ತೇವ ಹಿಡಿಯುತ್ತದೆ. ತಾಡಪತ್ರಿ ಮುಚ್ಚಬೇಡಿ: ಒಳಗೆ ಬೆವರುತ್ತದೆ, ಗಾಳಿಗೆ ಬಡಿದು ಬಣ್ಣ ಕೆರೆಯುತ್ತದೆ. ಭರಣಿ-ಕೃತ್ತಿಕೆಯ ಬಿರುಗಾಳಿಗೆ ಮೊದಲು ಬಾಲ ಮತ್ತು ರೆಕ್ಕೆಯ ಚಲಿಸುವ ಫಲಕಗಳಿಗೆ ಲಾಕ್ ಹಾಕಿರಿ. ಡಕೋಟಾದಲ್ಲಿ ಅವುಗಳ ಹೊದಿಕೆ ಬಟ್ಟೆಯದು, ಬಿಸಿಲಿಗೆ ಬೇಗ ಹರಿಯುತ್ತದೆ. ಬಿಚ್ಚಿ ಒಳಗಿಟ್ಟರೆ ಇನ್ನೂ ಒಳ್ಳೆಯದು.

ಯಾರನ್ನಾದರೂ ಒಳಗೆ ಬಿಡುವ ಮುನ್ನ ಆಕ್ಸಿಜನ್ ಸಿಲಿಂಡರ್, ಸಿಡಿಮದ್ದಿನ ತುಣುಕು ಹೊಂದಿರುವ ಎಂಜಿನ್ ಅಗ್ನಿಶಾಮಕ ಬಾಟಲಿ, ರೇಡಿಯಂ ಬಳಿದ ಹಳೆಯ ಮಾಪಕಗಳನ್ನು ಬಲ್ಲವರಿಂದ ತೆಗೆಸಲೇಬೇಕು. ಇಂಧನ ಟ್ಯಾಂಕ್ ಬರಿದಾಗಿದ್ದರೂ ಆವಿ ಉಳಿದಿರುತ್ತದೆ, ಹತ್ತಿರ ವೆಲ್ಡಿಂಗ್ ಬೇಡ.

ಸಾಗಿಸುವಾಗ ಗ್ಯಾಸ್ ಕಟರ್ ಮುಟ್ಟಿಸಬೇಡಿ. ಡಕೋಟಾದ ಹೊರರೆಕ್ಕೆಗಳು ನೂರಾರು ಬೋಲ್ಟ್‌ಗಳಿಂದ ಕೂಡಿವೆ. ದಿನಗಟ್ಟಲೆ ಹಿಡಿದರೂ ಬಿಚ್ಚಿಯೇ ತೆಗೆಯಬೇಕು. ಪ್ರತಿ ಬೋಲ್ಟಿನ ಸ್ಥಾನದ ಫೋಟೋ, ಚೀಲದ ಮೇಲೆ ಸಂಖ್ಯೆ. ಒಡಿಶಾದ ಮಾಜಿ ಮುಖ್ಯಮಂತ್ರಿ ಬಿಜು ಪಟ್ನಾಯಕರ ಡಕೋಟಾ 2023ರ ಜನವರಿಯಲ್ಲಿ ಕೋಲ್ಕತ್ತದಿಂದ ಭುವನೇಶ್ವರಕ್ಕೆ ಹೀಗೆ ಬಿಡಿಬಿಡಿಯಾಗಿ ಲಾರಿಗಳಲ್ಲೇ ಬಂತು.

ಡಕೋಟಾದ ರೆಕ್ಕೆಯ ಹರವು 29 ಮೀಟರ್. ಅಷ್ಟಕ್ಕೆ ಗೋಡೆಯಿಲ್ಲದ ಬರೀ ತಗಡಿನ ಸೂರಾದರೂ ಹಾಕಿಸಲು ಹಣವಿಲ್ಲದಿದ್ದರೆ, ಇಡೀ ವಿಮಾನದ ಆಸೆ ಬಿಟ್ಟು ಚಾಲಕರ ಕೋಣೆಯಿರುವ ಮೂತಿಯ ಭಾಗವನ್ನಷ್ಟೇ ಕೇಳಿ ಪಡೆಯಿರಿ. ಅದು ಒಂದು ದೊಡ್ಡ ತರಗತಿಯ ಕೋಣೆಯಲ್ಲಿ ಹಿಡಿಸುತ್ತದೆ.