ಈರೋಡಿನ ಮಂಗಳವಾರದ ಸಂತೆಗೆ ಬಸ್ಸು ಮಾಡಿಕೊಂಡು ಹೊರಡುವವರಿಗೆ

ನಮ್ಮ ಬಡಾವಣೆಯ ಹೆಂಗಸರು ಮಿನಿ ಬಸ್ಸೊಂದನ್ನು ಗೊತ್ತುಮಾಡಿಕೊಂಡು ಮೈಸೂರಿನಿಂದ ಈರೋಡಿನ ಜವಳಿ ಸಂತೆಗೆ ಹೋಗಿಬರುವುದು ಈಗ ಹಲವು ವರ್ಷಗಳ ರೂಢಿಯಾಗಿದೆ. ಹೊಸದಾಗಿ ಸೇರಿಕೊಳ್ಳುವ ಸೊಸೆಯಂದಿರು ಮೊದಲು ಕೇಳುವ ಪ್ರಶ್ನೆ, ಅಲ್ಲಿ ಎಷ್ಟು ಅಗ್ಗವೆಂಬುದು. ನಾನು ತಿರುಗಿ ಕೇಳುವುದು, ನಿಮ್ಮ ಮನೆಯಲ್ಲಿ ಈ ವರ್ಷ ಏನು ಸಮಾರಂಭವಿದೆ ಎಂದು. ಬಸ್ಸಿನ ಬಾಡಿಗೆ, ಚಾಲಕರ ಭತ್ಯೆ, ತಮಿಳುನಾಡಿನ ಪರ್ಮಿಟ್ಟು ಎಲ್ಲ ಸೇರಿ ತಲೆಗೆ 900 ರೂಪಾಯಿ ಬಿದ್ದಿತೆಂದು ಇಟ್ಟುಕೊಳ್ಳಿ. ಟವೆಲೊಂದಕ್ಕೆ ನಮ್ಮೂರಿಗಿಂತ 40 ರೂಪಾಯಿ ಕಡಿಮೆಯಾದರೂ 23 ಟವೆಲ್ ಕೊಂಡ ಮೇಲೆಯೇ ಆ 900 ರೂಪಾಯಿ ಹಿಂದಕ್ಕೆ ಬಂದಂತಾಗುತ್ತದೆ. ನಾಲ್ಕು ಜನರ ಮನೆಗೆ 23 ಟವೆಲ್ ಬೇಡ. ಮದುವೆ, ಉಪನಯನ, ಗೃಹಪ್ರವೇಶ, ಷಷ್ಟಿಪೂರ್ತಿ ಇವುಗಳಲ್ಲಿ ಒಂದಾದರೂ ಇದ್ದು, ಉಡುಗೊರೆಗೆಂದು ಒಂದೇ ಬಗೆಯ ವಸ್ತು ಹತ್ತಾರು ಬೇಕಾಗಿದ್ದರೆ ಹೊರಡುವುದು ಲಾಭ. ಇಲ್ಲವಾದರೆ ಗೆಳತಿಯರೊಡನೆ ಒಂದು ದಿನ ಸುತ್ತಾಡಿದ ಸಂತೋಷಕ್ಕೆ ಹೋಗುತ್ತಿದ್ದೇವೆಂದು ಒಪ್ಪಿಕೊಂಡು ಹೋಗಬೇಕು, ಉಳಿತಾಯದ ನೆಪ ಹೇಳಬಾರದು.

ಈರೋಡಿನ ಪನ್ನೀರ್‌ಸೆಲ್ವಂ ಪಾರ್ಕಿನ ಬಳಿಯ ಗನಿ ಮಾರ್ಕೆಟ್ಟಿನಲ್ಲಿ ಜವಳಿಯ ವಾರದ ಸಂತೆ ಸೋಮವಾರ ರಾತ್ರಿಯೇ ಆರಂಭವಾಗಿ ಮಂಗಳವಾರವೂ ನಡೆಯುತ್ತದೆ. ರಾತ್ರಿಯ ವ್ಯಾಪಾರವೆಲ್ಲ ಬೇರೆ ಬೇರೆ ಊರುಗಳ ಅಂಗಡಿಯವರು ಮೂಟೆಗಟ್ಟಲೆ ಎತ್ತುವ ಸಗಟು ವ್ಯಾಪಾರ; ನಮ್ಮಂತಹವರಿಗೆ ಹಗಲಿನ ಸಂತೆಯೇ ಸಾಕು, ಆಗ ವರ್ತಕರಿಗೂ ಮಾತನಾಡುವ ವ್ಯವಧಾನವಿರುತ್ತದೆ. ದೀಪಾವಳಿಗೆ ಮುಂಚಿನ ಒಂದು ತಿಂಗಳು ಅತ್ತ ಕಡೆ ಮುಖ ಹಾಕದಿರುವುದು ಒಳ್ಳೆಯದು, ಏಕೆಂದರೆ ಕಾಲಿಡಲು ಜಾಗವಿರುವುದಿಲ್ಲ ಮತ್ತು ಚೌಕಾಸಿಗೆ ಯಾರೂ ಕಿವಿಗೊಡುವುದಿಲ್ಲ. ತಮಿಳರ ಆಡಿ ಮಾಸದಲ್ಲಿ ರಿಯಾಯಿತಿ ಹೆಚ್ಚು. ಅದು ನಮ್ಮ ಚಾಂದ್ರಮಾನದ ಆಷಾಢದೊಡನೆ ಸರಿಯಾಗಿ ಹೊಂದುವುದಿಲ್ಲ, ಜುಲೈ 17ರ ಸುಮಾರಿಗೆ ಆರಂಭವಾಗಿ ಆಗಸ್ಟ್ ನಡುವಿನವರೆಗೆ ಇರುತ್ತದೆ. ಅದರ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 2 ಅಥವಾ 3ರಂದು, ಕಾವೇರಿಯ ದಡದ ಊರುಗಳಲ್ಲೆಲ್ಲ ಹೊಸ ನೀರಿನ ಪೂಜೆಯ ಜನಜಂಗುಳಿ ಇರುವುದರಿಂದ ಆ ವಾರವನ್ನು ಬಿಟ್ಟುಬಿಡಿ. ಚುನಾವಣೆ ಘೋಷಣೆಯಾಗಿರುವ ಕಾಲದಲ್ಲಿ ದಾಖಲೆಯಿಲ್ಲದೆ 50,000 ರೂಪಾಯಿಗೆ ಮೀರಿದ ನಗದು ಕೈಯಲ್ಲಿದ್ದರೆ ತನಿಖಾ ತಂಡದವರು ವಶಪಡಿಸಿಕೊಳ್ಳಬಹುದು; ಎಲ್ಲರ ಹಣವನ್ನೂ ಒಬ್ಬರ ಚೀಲದಲ್ಲಿ ಇಡುವ ಅಭ್ಯಾಸವಿರುವ ಗುಂಪುಗಳು ಇದನ್ನು ಮರೆಯಬಾರದು.

ದಾರಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದಿನದ ವೇಳಾಪಟ್ಟಿಯನ್ನು ನಿರ್ಧರಿಸುವುದು ಸಂತೆಯಲ್ಲ, ದಿಂಬಂ ಘಾಟಿ. ಚಾಮರಾಜನಗರ, ಪುಣಜನೂರು, ಹಾಸನೂರು ದಾಟಿ ಸತ್ಯಮಂಗಲಕ್ಕೆ ಇಳಿಯುವ ಈ ರಸ್ತೆ ಹುಲಿ ಸಂರಕ್ಷಿತ ಅರಣ್ಯದೊಳಗೆ ಹಾಯುತ್ತದೆ. ನ್ಯಾಯಾಲಯದ ಆದೇಶದಂತೆ 2022ರ ಫೆಬ್ರುವರಿಯಿಂದ ಇಲ್ಲಿ ರಾತ್ರಿ ಸಂಚಾರಕ್ಕೆ ಬಿಗಿಯಾದ ನಿರ್ಬಂಧವಿದೆ. ನಿಮ್ಮ ವಾಹನದ ಬಗೆಗೆ ಯಾವ ಹೊತ್ತಿನ ಮಿತಿ ಅನ್ವಯಿಸುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಚಾಲಕರಿಂದ ಕೇಳಿ ತಿಳಿದುಕೊಳ್ಳಬೇಕು. ನಾವು ಬೆಳಗಿನ ಐದಕ್ಕೆ ಮೈಸೂರು ಬಿಟ್ಟು, ಬೆಳಕು ಹರಿದ ಮೇಲೆ ಕಾಡು ಹೊಕ್ಕು, ಹತ್ತರ ಸುಮಾರಿಗೆ ಈರೋಡು ಸೇರುತ್ತೇವೆ. ಮಧ್ಯಾಹ್ನ ಎರಡಕ್ಕೆ, ಯಾರ ಚೌಕಾಸಿ ಎಲ್ಲಿಗೇ ಬಂದಿರಲಿ, ಬಸ್ಸು ಹೊರಡುತ್ತದೆ. ಘಾಟಿಯಲ್ಲಿ 27 ಕಡಿದಾದ ತಿರುವುಗಳಿರುವುದರಿಂದ ಹೊಟ್ಟೆ ತುಂಬ ತಿಂಡಿ ತಿಂದು ಹತ್ತಿದವರ ಪಾಡು ಹೇಳತೀರದು. ಹೊರಡುವಾಗ ಎರಡು ಬಿಸ್ಕತ್ತು ಮತ್ತು ಅರ್ಧ ಲೋಟ ಕಾಫಿ ಸಾಕು; ಎಣ್ಣೆ ಹಚ್ಚಿ ಚಟ್ನಿಪುಡಿ ಸವರಿದ ಇಡ್ಲಿಯ ಡಬ್ಬಿಯನ್ನು ಘಾಟಿ ಇಳಿದು ಬಣ್ಣಾರಿ ಅಮ್ಮನ ಗುಡಿಯ ಬಳಿ ಬಿಚ್ಚುವುದು ನಮ್ಮ ಪದ್ಧತಿ. ತಲೆ ಸುತ್ತುವವರನ್ನು ಮುಂದಿನ ಸೀಟುಗಳಲ್ಲಿ ಕೂರಿಸಿ, ಕೈಗೆ ನಿಂಬೆಹಣ್ಣು ಕೊಡಿ. ಕಾರಪಳ್ಳಂ ತನಿಖಾ ಠಾಣೆಯ ಹತ್ತಿರ ಕಬ್ಬಿನ ಲಾರಿಗಳಿಗಾಗಿ ಆನೆಗಳು ಕಾದು ನಿಲ್ಲುವುದುಂಟು. ಫೋಟೊ ತೆಗೆಯಬೇಕೆಂದು ಯಾರೂ ಬಸ್ಸಿನಿಂದ ಇಳಿಯಬಾರದು, ಬುತ್ತಿಯ ವಾಸನೆ ಹೊರಗೆ ಹೋಗುವಂತೆ ಡಬ್ಬಿ ತೆರೆಯಲೂಬಾರದು.

ಮನೆಯಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆಯಲ್ಲಿ ಅಳತೆಯೇ ಮುಖ್ಯ. ಮಂಚದ ಉದ್ದಗಲ, ಹಾಸಿಗೆಯ ದಪ್ಪ, ಕಿಟಕಿಯ ಸರಳಿನಿಂದ ನೆಲದವರೆಗಿನ ಎತ್ತರ, ದಿಂಬಿನ ಅಳತೆ ಇವನ್ನು ಟೇಪು ಹಿಡಿದು ಅಂಗುಲದಲ್ಲಿ ಬರೆದುಕೊಳ್ಳಿ. ಒಮ್ಮೆ ಅಂಗಡಿಯವರು "ಡಬಲ್" ಎಂದು ಹೇಳಿದ ಮಾತನ್ನೇ ನಂಬಿ ನಾನು ಆರು ಹಾಸುಬಟ್ಟೆ ತಂದೆ. ಅಗಲ 90 ಅಂಗುಲವಿರಬೇಕಾದದ್ದು 80 ಇತ್ತು, ಎಂಟು ಅಂಗುಲ ದಪ್ಪದ ಹಾಸಿಗೆಯ ಮೇಲೆ ಹಾಸಿದರೆ ಅಂಚು ಸಿಕ್ಕಿಸಲು ಬಟ್ಟೆಯೇ ಉಳಿಯಲಿಲ್ಲ. ಅಂದಿನಿಂದ ಟೇಪು ನನ್ನ ಕೈಚೀಲದಲ್ಲಿಯೇ ಇರುತ್ತದೆ. ಪಂಚೆಯನ್ನು ಅಲ್ಲಿ ಮೊಳದ ಲೆಕ್ಕದಲ್ಲಿ ಹೇಳುತ್ತಾರೆ: ನಾಲ್ಕು ಮೊಳದ್ದು ಒಂಟಿ ಸುತ್ತಿಗೆ, ಎಂಟು ಮೊಳದ್ದು ಮಡಿಚಿ ಉಡುವುದಕ್ಕೆ. ಕಚ್ಚೆ ಹಾಕುವ ಪುರೋಹಿತರಿಗೆ ಕೊಡುವುದಾದರೆ ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ದಾನ ಕೊಟ್ಟ ಪಂಚೆ ಅವರ ಮನೆಯ ಬೀರುವಿನಲ್ಲಿಯೇ ಉಳಿಯುತ್ತದೆ. ರವಿಕೆಯ ಕಣದ ಮಾತೂ ಹೀಗೆಯೇ. ಅರಿಶಿನ ಕುಂಕುಮಕ್ಕೆ ಕೊಡುವ ಕಣಗಳಲ್ಲಿ ಹೆಚ್ಚಿನವು ಹೊಲಿಗೆ ಕಾಣದೆ ಮನೆಯಿಂದ ಮನೆಗೆ ಅಲೆಯುತ್ತಿರುತ್ತವೆ. ನಾನು ಕೊಟ್ಟ ಕಣವೇ ಮೂರು ವರ್ಷಗಳ ನಂತರ ನನ್ನ ಮಡಿಲಿಗೆ ಬಂದದ್ದೂ ಇದೆ. ಕೊಡುವುದಾದರೆ ಒಂದು ಮೀಟರಿನ, ತೋಳಿಗೂ ಸಾಲುವ ಹತ್ತಿಯ ಕಣವನ್ನು ಕೊಡಿ, ಇಲ್ಲವೇ ಅದರ ಬದಲು ಒಳ್ಳೆಯ ಕೈವಸ್ತ್ರವನ್ನು ಕೊಡಿ.

ಗುಂಪಾಗಿ ಹೋಗುವುದರ ನಿಜವಾದ ಪ್ರಯೋಜನ ಬಸ್ಸಿನ ಬಾಡಿಗೆ ಹಂಚಿಹೋಗುವುದರಲ್ಲಿ ಇಲ್ಲ, ಕಟ್ಟು ಹಂಚಿಹೋಗುವುದರಲ್ಲಿ ಇದೆ. ಸಂತೆಯಲ್ಲಿ ಟವೆಲ್, ಲುಂಗಿ, ನೈಟಿ, ಒಳಲಂಗಗಳನ್ನು ಕಟ್ಟಿನ ಲೆಕ್ಕದಲ್ಲಿ ಕೊಂಡಾಗ ಸಿಗುವ ದರ ಬಿಡಿಯಾಗಿ ಎರಡು ಮೂರು ಕೇಳಿದಾಗ ಸಿಗುವುದಿಲ್ಲ. ಆದ್ದರಿಂದ ಹೊರಡುವುದಕ್ಕೆ ಎರಡು ದಿನ ಮುಂಚೆ ಎಲ್ಲರ ಬೇಡಿಕೆಯನ್ನೂ ಒಂದೇ ಪುಸ್ತಕದಲ್ಲಿ ಬರೆದು, ಯಾವ ವಸ್ತುವಿನ ಎಷ್ಟು ಕಟ್ಟು ಬೇಕಾಗುತ್ತದೆಂದು ಕೂಡಿಸಿ, ಪ್ರತಿ ವಸ್ತುವಿಗೂ ಇಬ್ಬರನ್ನು ನೇಮಿಸುವುದು ಉತ್ತಮ. ಇಪ್ಪತ್ತು ಜನ ಒಂದೇ ಅಂಗಡಿಗೆ ನುಗ್ಗಿದರೆ ವರ್ತಕನಿಗೆ ನಮ್ಮ ಆತುರ ಗೊತ್ತಾಗುತ್ತದೆ. ಇಬ್ಬರು ಹೋಗಿ ನಾಲ್ಕು ಕಡೆ ವಿಚಾರಿಸಿ ಬಂದು ಐದನೆಯ ಸಲ ಒಂದೆಡೆ ಕುಳಿತರೆ ಮಾತು ನಮ್ಮ ಕೈಯಲ್ಲಿರುತ್ತದೆ. ಇನ್ನೊಂದು ಅಪಾಯವೆಂದರೆ ಪಕ್ಕದವರು ಕೊಂಡರೆಂದು ತಾನೂ ಕೊಳ್ಳುವುದು. ಪುಸ್ತಕದಲ್ಲಿ ಬರೆಯದ ವಸ್ತುವಿಗೆ ಪ್ರತಿಯೊಬ್ಬರಿಗೂ 500 ರೂಪಾಯಿಯ ಮಿತಿಯನ್ನು ನಾವು ನಾವೇ ಹಾಕಿಕೊಂಡಿದ್ದೇವೆ. ಅದನ್ನು ಮುರಿಯದವರು ನನ್ನನ್ನೂ ಸೇರಿಸಿ ಯಾರೂ ಇಲ್ಲ, ಆದರೂ ಮಿತಿಯೊಂದಿರುವುದರಿಂದ ಮುರಿಯುವಾಗ ಸ್ವಲ್ಪ ಸಂಕೋಚವಾದರೂ ಆಗುತ್ತದೆ.

ಭಾಷೆಗೆ ಹೆದರಬೇಕಾಗಿಲ್ಲ. ಆ ಸೀಮೆಯ ನೇಕಾರರಲ್ಲಿ ಮನೆಯೊಳಗೆ ಕನ್ನಡ ಆಡುವ ದೇವಾಂಗದ ಕುಟುಂಬಗಳು ಬಹಳ. ನಮ್ಮ ಮಾತು ಕೇಳಿ, ನಮಗೆ ಹಳೆಯದೆನಿಸುವ ಕನ್ನಡದಲ್ಲಿ ಉತ್ತರ ಕೊಟ್ಟವರನ್ನು ನಾನು ಕಂಡಿದ್ದೇನೆ. ತೊಂದರೆ ಬರುವುದು ಸಂಖ್ಯೆಗಳಲ್ಲಿ. ತಮಿಳಿನಲ್ಲಿ "ತೊಣ್ಣೂರು" ಎಂದರೆ ತೊಂಬತ್ತು, "ತೊಳ್ಳಾಯಿರಂ" ಎಂದರೆ ಒಂಬೈನೂರು. ನಮ್ಮ ಕಿವಿಗೆ ಮೊದಲನೆಯದರಲ್ಲಿ ನೂರೂ ಎರಡನೆಯದರಲ್ಲಿ ಸಾವಿರವೂ ಕೇಳಿಸುತ್ತವೆ. ನಮ್ಮ ಜೊತೆಯವರೊಬ್ಬರು ತೊಂಬತ್ತು ರೂಪಾಯಿಯ ಟವೆಲನ್ನು ನೂರಾರು ರೂಪಾಯಿಯದೆಂದು ತಿಳಿದು, ಇನ್ನೂರಕ್ಕೆ ಕೊಡುತ್ತೀರಾ ಎಂದು ಗಟ್ಟಿಯಾಗಿ ಕೇಳಿದ್ದರು. ಆ ವ್ಯಾಪಾರಿ ಪ್ರಾಮಾಣಿಕರಾಗಿದ್ದುದರಿಂದ ನಕ್ಕು ತಿದ್ದಿದರು. ದರವನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸುವಂತೆ ಕೇಳುವುದು ಕ್ಷೇಮ. ಅದರೊಡನೆ ಜಿಎಸ್‌ಟಿ ಸೇರಿದ ದರವೋ ಹೊರತೋ ಎಂಬುದನ್ನೂ ಕೇಳಿಕೊಂಡು, ಚೀಟಿಯನ್ನು ಪಡೆಯಬೇಕು.

ಬಟ್ಟೆಯನ್ನು ಪರೀಕ್ಷಿಸುವ ಕ್ರಮ ಹೀಗಿದೆ. ಕಟ್ಟು ಕೊಳ್ಳುವಾಗ ಮೇಲಿನ ಎರಡನ್ನು ನೋಡಿ ಒಪ್ಪಬಾರದು, ಮಧ್ಯದಿಂದ ಒಂದನ್ನು ಎಳೆದು ಬಿಡಿಸಿ ನೋಡಬೇಕು. ಒಂದು ಅಂಗಡಿಯಲ್ಲಿ ಹನ್ನೆರಡು ಟವೆಲಿನ ಕಟ್ಟಿನ ಮೇಲೆ ಕೆಳಗೆ ಒಳ್ಳೆಯವನ್ನಿಟ್ಟು ನಡುವೆ ಎಳೆ ತಪ್ಪಿದವನ್ನು ಸೇರಿಸಿದ್ದರು. ಮನೆಗೆ ಬಂದು ಕಟ್ಟು ಬಿಚ್ಚಿದಾಗಲೇ ಅದು ತಿಳಿದದ್ದು, ಅದಕ್ಕಾಗಿ ಮತ್ತೆ ಇಷ್ಟು ದೂರ ಹೋಗುವವರು ಯಾರು? ಹೊದ್ದಿಕೆಯನ್ನು ಬೆಳಕಿಗೆ ಹಿಡಿದರೆ ನೇಯ್ಗೆ ತೆಳುವಾದ ಜಾಗ ಕಾಣುತ್ತದೆ. ಬಿಳಿಯ ಕರವಸ್ತ್ರವನ್ನು ಒದ್ದೆ ಮಾಡಿ ಬಟ್ಟೆಯ ಮೂಲೆಗೆ ಉಜ್ಜಿದರೆ ಬಣ್ಣ ಬಿಡುವ ಮಾಲು ತಕ್ಷಣ ಗೊತ್ತಾಗುತ್ತದೆ. ಕೈಗೆ ಗರಿಗರಿಯಾಗಿ ಸಿಗುವ ಅಗ್ಗದ ಬಟ್ಟೆಗೆ ಗಂಜಿ ಹೆಚ್ಚು; ಎರಡು ಬೆರಳ ನಡುವೆ ಜೋರಾಗಿ ತಿಕ್ಕಿದಾಗ ಪುಡಿ ಉದುರಿ ಮೆದುವಾದರೆ, ಒಂದು ಒಗೆತಕ್ಕೆ ಅದು ಸೋಲುತ್ತದೆಂದು ತಿಳಿಯಿರಿ. ತಿರುಪ್ಪೂರಿನ ರಫ್ತಿನಲ್ಲಿ ಉಳಿದ ಮಾಲು ಎಂದು ಮಾರುವ ಮಕ್ಕಳ ಉಡುಪುಗಳಲ್ಲಿ ಚೀಟಿಯ ಅಳತೆ ಹೊರದೇಶದ ಮಕ್ಕಳಿಗೆ ಇಟ್ಟದ್ದಿರಬಹುದು. ಮೊಮ್ಮಗುವಿನ ಹಳೆಯ ಅಂಗಿಯೊಂದನ್ನು ಜೊತೆಗೆ ಒಯ್ದು ಅದರ ಮೇಲೆ ಇಟ್ಟು ನೋಡಿ. ಎರಡು ತೋಳುಗಳೂ ಒಂದೇ ಉದ್ದವಿವೆಯೇ, ಗುಂಡಿಗಳಿಗೆ ಕಾಜಾ ಇದೆಯೇ, ಜಿಪ್ಪು ಓಡುತ್ತದೆಯೇ ಎಂದು ನೋಡಿಕೊಂಡರೆ ಉಳಿದದ್ದಕ್ಕೆ ಹೆಚ್ಚು ಯೋಚಿಸಬೇಕಾಗಿಲ್ಲ.

ಅರಿಶಿನಕ್ಕೆ ಈರೋಡು ಪ್ರಸಿದ್ಧವೇನೋ ಹೌದು, 2019ರಲ್ಲಿ ಭೌಗೋಳಿಕ ಸೂಚಿಯ, ಅಂದರೆ ಒಂದು ಊರಿನ ವಿಶಿಷ್ಟ ಸರಕೆಂಬ, ಮಾನ್ಯತೆಯೂ ಅದಕ್ಕೆ ಸಿಕ್ಕಿದೆ. ಆದರೆ ನಮ್ಮ ಚಾಮರಾಜನಗರದ ರೈತರೂ ಅರಿಶಿನ ಬೆಳೆದು ಅದೇ ಮಾರುಕಟ್ಟೆಗೆ ಒಯ್ದು ಮಾರುವಾಗ, ನಾವು ಅಲ್ಲಿಂದ ಹೊತ್ತು ತರುವುದು ವ್ಯರ್ಥವೆಂದು ನನ್ನ ಅಭಿಪ್ರಾಯ.

ಹಿಂದಿರುಗುವಾಗ ಸ್ವಲ್ಪ ಬಳಸಿಕೊಂಡು ಭವಾನಿಯ ಮೇಲೆ ಬಂದರೆ ಜಮಖಾನ ಕೊಳ್ಳಬಹುದು. ಭವಾನಿ ನದಿ ನಮ್ಮ ಕಾವೇರಿಯನ್ನು ಕೂಡುವ ಆ ಊರಿನ ಜಮಖಾನಕ್ಕೆ 2005–06ರಲ್ಲಿಯೇ ಭೌಗೋಳಿಕ ಸೂಚಿ ದೊರೆತಿದೆ. 1985ರ ಕಾಯಿದೆ ಜಮಖಾನವನ್ನು ಕೈಮಗ್ಗಕ್ಕೇ ಮೀಸಲಿಟ್ಟಿದ್ದರೂ ವಿದ್ಯುತ್ ಮಗ್ಗದ ಅಗ್ಗದ ಅನುಕರಣೆಗಳು ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಸಹಕಾರ ಸಂಘದ ಮಳಿಗೆಯಲ್ಲಿ ಕೊಂಡರೆ ಮೋಸದ ಭಯ ಕಡಿಮೆ. ನಿಜವಾದ ಜಮಖಾನ ಒತ್ತಾಗಿ, ಭಾರವಾಗಿ ಇರುತ್ತದೆ. ಅಂಚನ್ನು ಹಿಡಿದು ಎತ್ತಿದರೆ ತೂಕ ಕೈಗೆ ತಿಳಿಯುತ್ತದೆ. ಇದಕ್ಕೆ ಹೆಚ್ಚು ಚೌಕಾಸಿ ಮಾಡಬೇಡಿರೆಂದು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಗುಂಡಿಮಗ್ಗದಲ್ಲಿ ಕಾಲಿಳಿಸಿ ಕುಳಿತು ನೇಯುವವರ ದಿನಗೂಲಿಯಿಂದಲೇ ಆ ರಿಯಾಯಿತಿ ಕಡಿತವಾಗುತ್ತದೆ. ನಮ್ಮತ್ತೆಯವರ ಕಾಲದ ಜಮಖಾನದ ಮೇಲೆ ಈಗಲೂ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಜನ ಕೂರುತ್ತಾರೆ.

ಕಟ್ಟುಗಳನ್ನು ಬಿಚ್ಚಿ ಹಂಚುವುದು ಮನೆಗೆ ಬಂದ ಮೇಲೆ ಎಂದು ಬಿಟ್ಟರೆ ಜಗಳ ನಿಶ್ಚಿತ. ಸತ್ಯಮಂಗಲಕ್ಕೆ ಬರುವ ಹೊತ್ತಿಗೆ ಬಣ್ಣಗಳನ್ನು ಚೀಟಿ ಎತ್ತಿ ಹಂಚಿಬಿಡಬೇಕು. ಚೀಟಿಯಲ್ಲಿ ಬಂದದ್ದನ್ನು ಬದಲಾಯಿಸಿಕೊಳ್ಳಲು ಬಸ್ಸಿನೊಳಗೆ ಎಲ್ಲರಿಗೂ ಸ್ವಾತಂತ್ರ್ಯವಿದೆ, ಇಳಿದ ಮೇಲೆ ಇಲ್ಲ. ಹಳೆಯ ದಿಂಬಿನ ಚೀಲಗಳ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದು ಒಯ್ದರೆ ಒಬ್ಬರ ಗಂಟು ಇನ್ನೊಬ್ಬರ ಮನೆ ಸೇರುವುದಿಲ್ಲ. ಲೆಕ್ಕ ಚಾಮರಾಜನಗರ ದಾಟುವ ಮೊದಲೇ ಮುಗಿಯಬೇಕು, ಆಮೇಲೆ ಅರ್ಧ ಜನ ನಿದ್ದೆಯಲ್ಲಿರುತ್ತಾರೆ.

ತಂದ ಬಟ್ಟೆಯನ್ನು ಒಗೆಯದೆ ಯಾರಿಗೂ ಉಡಿಸಬೇಡಿ, ಉಡುಗೊರೆಯವನ್ನು ಮಾತ್ರ ಹಾಗೆಯೇ ಇಡಿ. ಕಡು ಬಣ್ಣದವನ್ನು ಮೊದಲ ಮೂರು ಸಲ ಬೇರೆಯಾಗಿಯೇ ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ. ಕಲ್ಲುಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆಂದು ನಾನೂ ಬಹಳ ಕಾಲ ನಂಬಿದ್ದೆ. ಹೋಗುವ ಬಣ್ಣ ಉಪ್ಪಿದ್ದರೂ ಹೋಗುತ್ತದೆ. ಹೊಸ ಟವೆಲ್ ನೀರು ಹೀರದಿದ್ದರೆ ಅದು ಮೇಲಿನ ನುಣುಪಿನ ಲೇಪದಿಂದಾದದ್ದು, ಎರಡು ಮೂರು ಒಗೆತಗಳಲ್ಲಿ ಸರಿಹೋಗುತ್ತದೆ. ಜಮಖಾನವನ್ನು ಯಂತ್ರಕ್ಕೆ ಹಾಕದೆ, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು, ಪ್ರತಿ ಸಲವೂ ಹಿಂದಿನ ಮಡಿಕೆಯ ಗೆರೆ ತಪ್ಪಿಸಿ ಸುರುಳಿ ಸುತ್ತಿಡಿ.